ಸುರಂಗದೊಳಗೆ ಲ್ಯಾಪ್‌ಟಾಪು

ಕಾಸರಗೋಡಿನ ಬಾಯಾರು ಕಡೆ ನೀರೆಂದರೆ ಬಾವಿ, ಕೆರೆ, ಇಲ್ಲವೇ ನೀರಿಗೆಂದೇ ಗುಡ್ಡಕ್ಕೆ ಕೊರೆದ ಸುರಂಗ. ಅಂಥ ಊರಿನವನು ಮುರುಡೇಶ್ವರದ ತನಕ ಹೋಗಿ, ದುಡ್ಡು ಕೊಟ್ಟು ಬೆನ್ನಿಗೆ ಸಿಲಿಂಡರ್ ಕಟ್ಟಿಸಿಕೊಂಡು, ನೇತ್ರಾಣಿ ದ್ವೀಪದ ಹತ್ತಿರ ಸಮುದ್ರದಲ್ಲಿ ಮುಳುಗಿ ಬಂದೆ ಅಂದರೆ ಯಾರು ನಂಬುತ್ತಾರೆ? ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ.

"ಎಷ್ಟು ಆಳ?"

"18 ಮೀಟರ್" ಅಂದೆ.

"ಸಾಕ್ಷಿ ಉಂಟಾ?"

ಉಂಟಲ್ಲ! ಕೈಯಲ್ಲಿದ್ದ ಡೈವ್ ಕಂಪ್ಯೂಟರ್ ತೋರಿಸಿದೆ. ನೋಡಲಿಕ್ಕೆ ದಪ್ಪ ವಾಚು. ನೀರಿನ ಒತ್ತಡ ಅಳೆದು ಆಳದ ಲೆಕ್ಕ ಹಾಕುತ್ತದೆ, ಕೆಲವು ಸೆಕೆಂಡಿಗೊಮ್ಮೆ ಬರೆದಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿಗೆ ಇಳಿಸಿದರೆ ಇಳಿದದ್ದು, ಹತ್ತಿದ್ದು ಎಲ್ಲ ಗೆರೆಯಾಗಿ ಕಾಣುತ್ತದೆ. "ನಾಳೆಯೇ ತೋರಿಸ್ತೇನೆ" ಅಂದುಬಿಟ್ಟೆ. ಆ ನಾಳೆ ಬರಲಿಕ್ಕೆ ಮೂರು ವಾರ ಹಿಡಿಯಿತು.

ವಾಚು ಸೆಕೆಂಡ್ ಹ್ಯಾಂಡು. ಅದಕ್ಕೆ ವೈರಿಲ್ಲ, ಬ್ಲೂಟೂತ್ ಇಲ್ಲ. ಇನ್‌ಫ್ರಾರೆಡ್ ಮಾತ್ರ. ಹಿಂದೆ ಎರಡು ಫೋನುಗಳನ್ನು ತಲೆಗೆ ತಲೆ ತಾಗಿಸಿ ಇಟ್ಟು ರಿಂಗ್‌ಟೋನ್ ಕಳಿಸುತ್ತಿದ್ದೆವಲ್ಲ, ಅದೇ ಜಾತಿ. ಇರ್‌ಡಾ ಅಂತ ಹೆಸರು. ಮಂಗಳೂರಿನ ಅಂಗಡಿಯೊಂದರಲ್ಲಿ ಲ್ಯಾಪ್‌ಟಾಪಿಗೆ ಚುಚ್ಚುವ ಅದರ ಯುಎಸ್‌ಬಿ ಡಾಂಗಲ್ ಕೇಳಿದೆ. "ಇನ್‌ಫ್ರಾರೆಡ್ ಅಲ್ವಾ? ಉಂಟುಂಟು" ಅಂತ ಕೊಟ್ಟರು. ಮನೆಗೆ ತಂದು ನೋಡಿದರೆ ಅದು ಟಿವಿ ರಿಮೋಟಿನ ಸಿಗ್ನಲ್ ಹಿಡಿಯುವಂಥದ್ದು! ರಿಮೋಟುಗಳು ಹೆಚ್ಚಾಗಿ 38 ಕಿಲೋಹರ್ಟ್ಸಿನಲ್ಲಿ ಮಿಣುಕುತ್ತವೆ. ಹೇಳುವುದನ್ನು ಕೂಗಿ ಹೇಳಿ ಸುಮ್ಮನಾಗುತ್ತವೆ, ಉತ್ತರಕ್ಕೆ ಕಾಯುವುದಿಲ್ಲ. ಇರ್‌ಡಾ ಹಾಗಲ್ಲ, ನಮ್ಮ ಮದುವೆ ಮಾತುಕತೆಯ ಹಾಗೆ. ಮೊದಲು ಸೆಕೆಂಡಿಗೆ 9600 ಬಿಟ್‌ಗಳ ನಿಧಾನದಲ್ಲಿ ಯಾರು, ಎಲ್ಲಿಯವರು ಅಂತ ವಿಚಾರಣೆ. ಎರಡೂ ಕಡೆ ಒಪ್ಪಿದ ಮೇಲೆಯೇ ವೇಗ. ನಾನು ತಂದ ಡಾಂಗಲಿನಿಂದ ಒಂದು ಲಾಭವಾಯಿತು. ದೊಡ್ಡಮ್ಮನ ರಿಮೋಟು ಸರಿಯಿದೆ, ಹಾಳಾದದ್ದು ಟಿವಿಯೇ ಎಂದು ಖಾತ್ರಿಯಾಯಿತು.

ಎರಡನೆಯದನ್ನು ಆನ್‌ಲೈನಿನಲ್ಲಿ ತರಿಸಿದೆ. ಒಳಗೆ ಎಂಸಿಎಸ್ 7780 ಚಿಪ್ಪು. ಚುಚ್ಚಿದ ಕೂಡಲೇ ಯುಎಸ್‌ಬಿ ಪಟ್ಟಿಯಲ್ಲಿ ಹೆಸರು ಬಂತು, ಆದರೆ ಅದನ್ನು ನಡೆಸುವ ಡ್ರೈವರ್ ಹಾಕಲು ಹೋದರೆ ಅಂಥ ಮಾಡ್ಯೂಲೇ ಇಲ್ಲ ಅನ್ನುತ್ತದೆ ನನ್ನ ಲ್ಯಾಪ್‌ಟಾಪಿನ ಲಿನಕ್ಸ್. ಪೋರ್ಟ್ ಬದಲಿಸಿದೆ. ರೀಬೂಟ್ ಮಾಡಿದೆ. ಎರಡು ರಾತ್ರಿ ಸುಮ್ನೆ ಡಾಂಗಲಿಗೆ ಬೈದೆ. ಆಮೇಲೆ ಗೊತ್ತಾಯಿತು, ಲಿನಕ್ಸಿನ ತಿರುಳಾದ ಕರ್ನಲ್ಲಿನಿಂದ ಇರ್‌ಡಾವನ್ನೇ ತೆಗೆದಿದ್ದಾರೆ! 2017ರಲ್ಲಿ ಕರ್ನಲ್ಲಿನ 4.14 ಆವೃತ್ತಿ ಬಂದಾಗ ಅದನ್ನು ಅಟ್ಟಕ್ಕೆ ಹಾಕಿದರು. 2018ರ 4.17ರಲ್ಲಿ ಅಟ್ಟದಿಂದಲೂ ಹೊರಗೆ. ನೋಡಿಕೊಳ್ಳುವವರಿಲ್ಲದ ಸಾಮಾನು, ತಪ್ಪೆನ್ನಲಾಗದು. ತಮಾಷೆ ಏನೆಂದರೆ, ಲಿನಕ್ಸನ್ನು ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರಿಗೂ ಮುಳುಗುವ ಹುಚ್ಚು. ಮುಳುಗಿದ ಲೆಕ್ಕ ಇಡಲಿಕ್ಕೆಂದೇ 2011ರಲ್ಲಿ ಸಬ್‌ಸರ್ಫೇಸ್ ಎಂಬ ಪ್ರೋಗ್ರಾಂ ಶುರುಮಾಡಿದವರು ಅವರೇ. ನಾನು ಡೇಟಾ ಇಳಿಸಲು ಹೊರಟದ್ದೂ ಅದಕ್ಕೇ. ಒಬ್ಬರದೇ ಎರಡು ಮನೆ. ಒಂದರಲ್ಲಿ ಊಟಕ್ಕೆ ಎಲೆ ಹಾಕಿದ್ದಾರೆ, ಇನ್ನೊಂದರ ಗೇಟಿಗೆ ಬೀಗ.

ಕೊನೆಗೆ ಲಿನಕ್ಸಿನದೇ ಒಂದು ಬಗೆಯಾದ ಉಬುಂಟುವಿನ ಹಳೇ 16.04 ಹುಡುಕಿ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಅದರ ಕರ್ನಲ್ 4.4. ಡ್ರೈವರ್ ಕಮಕ್ ಕಿಮಕ್ ಅನ್ನದೆ ಬಂದು ಕೂತಿತು. ಆಚೀಚೆ ಯಾರಿದ್ದಾರೆ ಎಂದು ತೋರಿಸುವ ಡಿಸ್ಕವರಿ ಫೈಲು ತೆರೆದೆ. ಖಾಲಿ.

ಕೂತದ್ದು ಜಗಲಿಯಲ್ಲಿ. ಎದುರು ಅಂಗಳದ ತುಂಬ ಅಡಿಕೆ, ಅದರ ಮೇಲೆ ಸುಡುಬಿಸಿಲು. ಬಿಸಿಲಲ್ಲೂ ಇನ್‌ಫ್ರಾರೆಡ್ ಧಾರಾಳ, ಅದರ ಎದುರು ವಾಚಿನ ಮಿಣುಕು ಯಾವ ಲೆಕ್ಕ? ದೂರ ಒಂದು ಮೀಟರಿನೊಳಗೆ, ಓರೆ 15 ಡಿಗ್ರಿಯೊಳಗೆ ಇರಬೇಕು ಬೇರೆ. ವಾಚನ್ನು ಗೆರಟೆಯ ಮೇಲೆ ಕೂರಿಸಿದೆ, ಸೇರಿನ ಮೇಲೆ ಕೂರಿಸಿದೆ. ಊಹೂಂ.

"ಕತ್ತಲೆ ಬೇಕು ದೊಡ್ಡಪ್ಪ."

"ಹಾಗಾದ್ರೆ ಸುರಂಗಕ್ಕೆ ಹೋಗು ಮಾರಾಯ."

ಅವರು ಹೇಳಿದ್ದು ತಮಾಷೆಗೆ. ನಾನು ಹೋದೆ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗ, ಬಗ್ಗಿಯೇ ನಡೆಯಬೇಕು. ಪಾದ ಮುಳುಗುವಷ್ಟು ನೀರು. ಒಂದು ಬಾಲ್ದಿ ಕವುಚಿ ಅದರ ಮೇಲೆ ಲ್ಯಾಪ್‌ಟಾಪು, ಇನ್ನೊಂದರ ಮೇಲೆ ವಾಚು. ಬಾವಲಿಯೊಂದು ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಫೈಲು ಈಗಲೂ ಖಾಲಿ. ಎದ್ದು ಹೊರಡಬೇಕು ಅನ್ನುವಾಗ ಮೇಲಿನಿಂದ ಒಂದು ಹನಿ ವಾಚಿನ ಮೇಲೆ ಟಪ್ ಅಂತ ಬಿತ್ತು. ಪರದೆ ಎದ್ದಿತು! ಮರುಕ್ಷಣ ಫೈಲಿನಲ್ಲಿ ಅದರ ಹೆಸರು.

ಒದ್ದೆಯಾದರೆ ಮಾತ್ರ ಏಳುವ ವಾಚು ಅದು. ಇಷ್ಟು ದಿನ ಪಾಪ ನಿದ್ದೆಯಲ್ಲಿತ್ತು. ಜಗಲಿಯಲ್ಲೇ ಬೆರಳು ನೆಕ್ಕಿ ಮುಟ್ಟಿದ್ದರೆ ಆಗುತ್ತಿತ್ತೇನೋ.

ಇಳಿಸಿಕೊಂಡು ಕೆಸರುಕಾಲಲ್ಲೇ ಮನೆಗೆ ಓಡಿ ದೊಡ್ಡಪ್ಪನ ಎದುರು ಪರದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ಗೆರೆಯ ಮೇಲೆ ಬೆರಳು ಎಳೆದರು. ತೀರಾ ತಳದಲ್ಲಿ ಬೆರಳು ನಿಂತಿತು. 10.9.

18 ಮೀಟರ್ ಅಂದರೆ ಹೊಸಬರ ಸರ್ಟಿಫಿಕೇಟಿನಲ್ಲಿ ಬರೆದ ಮಿತಿ. ನಾನು ಅಷ್ಟು ಇಳಿದಿರಲಿಲ್ಲ. ಹೇಳಿ ಹೇಳಿ ಅದು ನನಗೇ ನಿಜ ಅನ್ನಿಸಿತ್ತು.

ದೊಡ್ಡಪ್ಪ ಒಳಗೊಳಗೇ ಲೆಕ್ಕ ಹಾಕಿದರು. "ಸುಮಾರು 15 ಕೋಲು. ನಮ್ಮ ಬಾವಿ 18 ಕೋಲು ಉಂಟು. ಮುಂದಿನ ಸಲ ಅಷ್ಟು ದೂರ ಹೋಗ್ಬೇಡ. ಹೇಗೂ ಕೆಸರು ತೆಗೀಲಿಕ್ಕೆ ಜನ ಸಿಕ್ಕುದಿಲ್ಲ."