ಮೊದಲು ಸೈಟು, ಆಮೇಲೆ ಕುರ್ಚಿ

ಸಿವಿಲ್ ಎಂಜಿನಿಯರಿಂಗ್ ಮುಗಿಸಿದವರು ನನ್ನನ್ನು ಪದೇ ಪದೇ ಕೇಳುತ್ತಾರೆ: ನಿರ್ಮಾಣ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರೆ ನೇರವಾಗಿ ಮ್ಯಾನೇಜರ್ ಆಗಬಹುದೇ? ಆಗುವುದಿಲ್ಲ. ಪದವಿಯಿಂದ ಕೆಲಸ ಸಿಗಬಹುದು. ಆದರೆ ನಾಲ್ಕೈದು ವರ್ಷ ಸೈಟಿನ ಧೂಳು ಕುಡಿಯದವರ ಮಾತಿಗೆ ಅಲ್ಲಿ ಬೆಲೆಯಿಲ್ಲ.

ನನ್ನ ಮೊದಲ ವರ್ಷದ ಮಾತು. ಮರುದಿನ ಬೆಳಿಗ್ಗೆ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಬೇಕಿತ್ತು, ಪಂಪಿಗೂ ಹೇಳಿಯಾಗಿತ್ತು. ಸಂಜೆ ಟಾರ್ಚ್ ಹಿಡಿದು ಸೆಂಟ್ರಿಂಗ್ ಮೇಲೆ ಓಡಾಡುವಾಗ ಕಂಡಿತು: ಎರಡು ಕೋಣೆಗಳಲ್ಲಿ ವಿದ್ಯುತ್ ಪೈಪುಗಳನ್ನೇ ಹಾಕಿರಲಿಲ್ಲ, ಮೇಲಿನ ಕಂಬಿ ಮಾತ್ರ ಅಚ್ಚುಕಟ್ಟಾಗಿ ಕಟ್ಟಿ ಮುಗಿದಿತ್ತು. ಕಟ್ಟಿದ ತಂತಿಯನ್ನು ಬಿಚ್ಚಿ ಮತ್ತೆ ಕಟ್ಟುವಷ್ಟರಲ್ಲಿ ಎರಡು ದಿನ ಹೋಯಿತು. ಮೇಸ್ತ್ರಿ ಸಿಟ್ಟಾಗಲಿಲ್ಲ. "ತಾರೀಕು ಬರೆದಿದ್ದೀರಿ ಸರ್, ಯಾರ ಕೆಲಸ ಮುಗಿಯಲು ಯಾರು ಕಾಯಬೇಕು ಎಂದು ಬರೆದಿಲ್ಲ" ಎಂದರು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಗಾಗಿ ರೂಪುಗೊಂಡ, ಕೆಲಸಗಳ ವೇಳಾಪಟ್ಟಿ ಹಾಕುವ ಕ್ರಿಟಿಕಲ್ ಪಾತ್ ವಿಧಾನದ ತಿರುಳೂ ಅದೇ. ಅದನ್ನು ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಅರ್ಥವಾದದ್ದು ಆ ಸಂಜೆ.

ಮುಂದೆ ದಾರಿಗಳು ಹಲವು: ಯೋಜನೆ, ಅಳತೆ ಮತ್ತು ಬಿಲ್ಲು, ಗುಣಮಟ್ಟ, ಸುರಕ್ಷತೆ, ಬಿಮ್ ಎಂಬ ಕಟ್ಟಡದ ಡಿಜಿಟಲ್ ಮಾದರಿಗಳು, ಕರಾರು. ಇವುಗಳಲ್ಲಿ ಕಿರಿಯರು ಕಣ್ಣೆತ್ತಿಯೂ ನೋಡದಿರುವುದು ಕರಾರಿನ ಕೆಲಸವನ್ನು. ನನ್ನ ದೃಷ್ಟಿಯಲ್ಲಿ ಬೆಳೆಯಲು ಅಲ್ಲಿರುವಷ್ಟು ಜಾಗ ಬೇರೆಲ್ಲೂ ಇಲ್ಲ. ಸಲಹಾ ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ 1999ರ ಮಾದರಿ ಕರಾರನ್ನೇ ನೋಡಿ. ವಿಳಂಬಕ್ಕೆ ಕಾರಣವಾದ ಸಂಗತಿ ತಿಳಿದ 28 ದಿನಗಳೊಳಗೆ ಗುತ್ತಿಗೆದಾರ ನೋಟಿಸು ಕೊಡದಿದ್ದರೆ ಹೆಚ್ಚುವರಿ ಸಮಯವೂ ಇಲ್ಲ, ಹಣವೂ ಇಲ್ಲ. ನಕ್ಷೆ ಯಾವ ದಿನ ಕೈಸೇರಿತು, ಮಳೆಗೆ ಎಷ್ಟು ಗಂಟೆ ಕೆಲಸ ನಿಂತಿತು ಎಂದು ಆಯಾ ದಿನವೇ ಡೈರಿಯಲ್ಲಿ ಬರೆದಿಟ್ಟ ಕಿರಿಯ ಎಂಜಿನಿಯರ್ ಒಬ್ಬನ ನಾಲ್ಕು ಸಾಲು ಇಡೀ ಕಂಪನಿಯನ್ನು ಉಳಿಸಬಲ್ಲದು. ಅಂಥವನನ್ನು ಯಾವ ಕಂಪನಿಯೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕಷ್ಟವನ್ನು ಮುಚ್ಚಿಡಲಾರೆ. ಬಡ್ಡಿ ದರ ಏರಿದರೆ ಹೊಸ ಯೋಜನೆಗಳು ಬೇಗನೆ ನಿಲ್ಲುತ್ತವೆ, ಊರೂರು ಸುತ್ತಬೇಕಾಗುತ್ತದೆ, ಮನೆಯವರಿಗೆ ಕೊಟ್ಟ ಮಾತು ಎಷ್ಟೋ ಸಲ ತಪ್ಪುತ್ತದೆ. ಎತ್ತರದಿಂದ ಬಿದ್ದು ಜೀವ ಕಳೆದುಕೊಳ್ಳುವ ಕಾರ್ಮಿಕರು ಇಂದಿಗೂ ಇದ್ದಾರೆ. ಬೆಲ್ಟ್ ಹಾಕದವನನ್ನು ಕೆಳಗಿಳಿಸಿ ಕೆಲಸ ನಿಲ್ಲಿಸುವ ಧೈರ್ಯವಿಲ್ಲದವರು ದಯವಿಟ್ಟು ಈ ವೃತ್ತಿಗೆ ಬರಬೇಡಿ.

ಬರುವುದಾದರೆ, ಮೊದಲ ಸಂದರ್ಶನದಲ್ಲಿ ಸಂಬಳದ ಜೊತೆಗೆ ಇನ್ನೊಂದನ್ನೂ ಕೇಳಿ: ಮೊದಲ ವರ್ಷ ನನ್ನನ್ನು ಯಾರ ಕೈಕೆಳಗೆ, ಯಾವ ಸೈಟಿನಲ್ಲಿ ಇಡುತ್ತೀರಿ?