ಮಿಫುನೆ ಪರಿಚಯಕ್ಕೆ ಸಾಕ್ಷ್ಯಚಿತ್ರ ಮೊದಲೋ, ಸಿನಿಮಾ ಮೊದಲೋ?

ಪರ: ಸಾಕ್ಷ್ಯಚಿತ್ರವೇ ಮೊದಲು ಇರಲಿ

ಜಪಾನಿನ ನಟ ತೊಶಿರೊ ಮಿಫುನೆ ಹೆಸರು ಕೇಳಿದವರು ಬಹಳ ಜನ. ಅವನ ಒಂದು ಸಿನಿಮಾವನ್ನಾದರೂ ಪೂರ್ತಿ ನೋಡಿದವರು ಕಮ್ಮಿ. ‘ಸೆವೆನ್ ಸಮುರಾಯ್’ ಸುಮಾರು ಮೂರೂವರೆ ಗಂಟೆ. ಕಪ್ಪು-ಬಿಳುಪು, ಮಾತು ಜಪಾನಿ. ಹೊಸಬರನ್ನು ಸೀದಾ ಅದರ ಮುಂದೆ ಕೂರಿಸಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ಸ್ಟೀವನ್ ಒಕಜಾಕಿ 2015ರಲ್ಲಿ ಮಾಡಿದ ‘ಮಿಫುನೆ: ದಿ ಲಾಸ್ಟ್ ಸಮುರಾಯ್’ ಹೆಚ್ಚುಕಮ್ಮಿ 80 ನಿಮಿಷದ್ದು. ಹಾಲಿವುಡ್ ನಟ ಕೀನು ರೀವ್ಸ್ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಾ ಹೋಗುತ್ತಾನೆ. ಅಲ್ಲಿಂದ ಶುರು ಮಾಡಿ ಅಂತ ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ತೆರೆಯ ಮೇಲೆ ಮಿಫುನೆ ತೋರಿಸುವ ಸಿಟ್ಟಿನ ಹಿಂದೆ ಎಂಥ ಬದುಕಿತ್ತು ಎನ್ನುವುದು ಗೊತ್ತಾಗಬೇಕು. ಮಿಫುನೆ ಹುಟ್ಟಿದ್ದು 1920ರಲ್ಲಿ, ಚೀನಾದಲ್ಲಿ. ಅಪ್ಪನ ಫೋಟೋ ಸ್ಟುಡಿಯೊದಲ್ಲಿ ಕೆಲಸ ಕಲಿತ. ಯುದ್ಧದಲ್ಲಿ ಅವನದು ವಿಮಾನದಿಂದ ತೆಗೆದ ಫೋಟೋಗಳ ವಿಭಾಗ. ಯುದ್ಧದ ಕೊನೆಯಲ್ಲಿ, ಸಾಯುವುದಕ್ಕೆಂದೇ ಹೊರಟ ಎಳೆ ಹುಡುಗರಿಗೆ ಚಕ್ರವರ್ತಿಗೆ ಜೈ ಅನ್ನಬೇಡಿ, ನಿಮ್ಮ ಅಮ್ಮನನ್ನು ಕೂಗಿ ಅಂತ ಹೇಳುತ್ತಿದ್ದನಂತೆ. ಆಮೇಲೆ ತೊಹೊ ಸಿನಿಮಾ ಸ್ಟುಡಿಯೊಗೆ ಹೋಗಿದ್ದು ಕ್ಯಾಮೆರಾ ಸಹಾಯಕನ ಕೆಲಸ ಕೇಳಿಕೊಂಡು. ಹೊಸ ನಟರ ಆಯ್ಕೆಯಲ್ಲಿ ನಿಲ್ಲಿಸಿ, ಸಿಟ್ಟು ಮಾಡಿ ತೋರಿಸು ಅಂದರು. ಇದಿಷ್ಟು ಗೊತ್ತಿದ್ದು ನೋಡಿದರೆ ಅವನ ಒಂದೊಂದು ಕೂಗೂ ಬೇರೆಯಾಗಿ ಕೇಳುತ್ತದೆ.

ನನ್ನ ಅಕ್ಕನ ಮಗ ಪಿಯುಸಿ ರಜೆಗೆ ಬಂದಿದ್ದ. ‘ಒಂದಾನೊಂದು ಕಾಲದಲ್ಲಿ’ ನೋಡಿ ಶಂಕರ್‌ನಾಗ್ ಅಂದರೆ ಅವನಿಗೆ ಪ್ರಾಣ. ಆ ಸಿನಿಮಾ ಮೇಲೆ ‘ಸೆವೆನ್ ಸಮುರಾಯ್’ ನಿರ್ದೇಶಕ ಕುರೊಸಾವಾ ಪ್ರಭಾವ ಇದೆ ಕಣೋ ಅಂತ ಹೇಳಿ ಅವನದೇ ‘ರಾಶೊಮೊನ್’ ಹಾಕಿದೆ. ಸ್ವಲ್ಪ ಹೊತ್ತಿಗೇ ಫೋನ್ ತೆಗೆದ. ಮಾರನೇ ದಿನ ಈ ಸಾಕ್ಷ್ಯಚಿತ್ರ ಹಾಕಿದೆ. ‘ಥ್ರೋನ್ ಆಫ್ ಬ್ಲಡ್’ನ ಬಾಣಗಳ ಭಾಗ ಬಂತು. ಅವು ನಿಜವಾದ ಬಾಣಗಳು. ಸುತ್ತ ಗೋಡೆಗೆ ನಾಟಿದ ಬಾಣಗಳನ್ನು ಮಿಫುನೆ ಕೈಯಿಂದ ಬಡಿದು ದಾರಿ ಮಾಡಿಕೊಳ್ಳುತ್ತಾನೆ. ಆ ಕೈ ಬೀಸುವುದೇ ಬಿಲ್ಲುಗಾರರಿಗೆ ಸೂಚನೆ, ತಾನು ಮುಂದೆ ಯಾವ ಕಡೆ ಓಡುತ್ತೇನೆ ಅಂತ. “ಮಾವ, ನಿಲ್ಸು, ಇನ್ನೊಂದ್ಸಲ ಹಾಕು” ಅಂದ. ಕತ್ತಿವರಸೆಯ ಕನ್ಜೊ ಉನಿ, ತೆರೆಯ ಮೇಲೆ ಮಿಫುನೆ ಕೈಯಲ್ಲಿ ನೂರಕ್ಕೂ ಹೆಚ್ಚು ಸಲ ಸತ್ತವನು, ಮಾತಾಡುವಾಗಂತೂ ಎದ್ದು ಟಿವಿ ಹತ್ತಿರ ಹೋಗಿ ಕೂತ. ಅವತ್ತು ರಾತ್ರಿ ಅವನಾಗಿಯೇ ‘ಸೆವೆನ್ ಸಮುರಾಯ್’ ಕೇಳಿದ. ಊಟ ಮಾಡಿ ಕೂತವರು ಏಳುವ ಹೊತ್ತಿಗೆ ಬೀದಿಯಲ್ಲಿ ಹಾಲಿನವರು ಓಡಾಡುತ್ತಿದ್ದರು. ಅಕ್ಕ ಫೋನ್ ಮಾಡಿ ನನಗೆ ಬೈದಳು. ಬೈಯಲಿ. ಆ ಹುಡುಗ ಈಗ ಕುರೊಸಾವಾ ಜೊತೆಗಿನ ಮಿಫುನೆ ಸಿನಿಮಾಗಳನ್ನೆಲ್ಲ ಹುಡುಕಿ ನೋಡುತ್ತಿದ್ದಾನೆ.

ಕಥೆಯ ಕೊನೆ ಮೊದಲೇ ಗೊತ್ತಾಗಿಬಿಡುತ್ತದೆ ಅಂತ ಕೆಲವರು ಗೊಣಗುತ್ತಾರೆ. ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿದ್ದೂ ನಾವು ಬೆಳಗಿನವರೆಗೆ ಬಯಲಾಟ ನೋಡುತ್ತೇವೆ, ಅಲ್ವಾ?

ವಿರೋಧ: ಮೊದಲು ಸಿನಿಮಾ ನೋಡಿ

ಈ ಸಾಕ್ಷ್ಯಚಿತ್ರ ನನಗೂ ಇಷ್ಟ. ನೋಡಬೇಡಿ ಅನ್ನಲು ನನ್ನ ಹತ್ತಿರ ದೊಡ್ಡ ಕಾರಣ ಇಲ್ಲ. ಮೊದಲಿಗೇ ಬೇಡ ಅನ್ನುವುದಷ್ಟೇ ನನ್ನ ಮಾತು.

ಸ್ಪೀಲ್‌ಬರ್ಗ್, ಸ್ಕೋರ್ಸೇಸಿ ಅಂಥ ಹಾಲಿವುಡ್ ನಿರ್ದೇಶಕರು ಕೂತು ಮೆಚ್ಚಿದ್ದನ್ನು ಕೇಳಿದ ಮೇಲೆ ನಮಗೆ ಸ್ವಂತ ಅಭಿಪ್ರಾಯ ಹುಟ್ಟುವುದು ಕಷ್ಟ. ಅವರು ತೋರಿಸಿದ ಕಡೆಯೇ ಕಣ್ಣು ಹೋಗುತ್ತದೆ. ಚಿತ್ರದ ಹೆಸರಲ್ಲೇ ಸಮುರಾಯ್ ಇದೆ. ಕುರೊಸಾವಾ ಜೊತೆಗಿನ 16 ಸಿನಿಮಾಗಳಿಗೇ ಹೆಚ್ಚು ಜಾಗ. 1965ರ ‘ರೆಡ್ ಬಿಯರ್ಡ್’ ಆದಮೇಲೆ ಮಿಫುನೆ ಅವರು 30 ವರ್ಷಕ್ಕಿಂತ ಜಾಸ್ತಿ ಬದುಕಿದ್ದರು. ಆ ಕಾಲವನ್ನು ಚಿತ್ರ ಬೇಗ ಬೇಗ ದಾಟಿಬಿಡುತ್ತದೆ.

ನಿರ್ದೇಶಕ ಇನಗಾಕಿ ಅವರ ‘ರಿಕ್ಷಾ ಮ್ಯಾನ್’ ನೋಡಿ. 1958ರ ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಗೋಲ್ಡನ್ ಲಯನ್ ಗೆದ್ದ ಸಿನಿಮಾ. ಮಿಫುನೆ ಅವರದು ಓದುಬರಹ ಬಾರದ ರಿಕ್ಷಾ ಎಳೆಯುವವನ ಪಾತ್ರ. ಒಬ್ಬ ವಿಧವೆಯನ್ನೂ ಅವಳ ಮಗನನ್ನೂ ನೋಡಿಕೊಳ್ಳುತ್ತಾನೆ. ಮನಸ್ಸಿನಲ್ಲಿರುವುದನ್ನು ಅವಳ ಮುಂದೆ ಹೇಳಲಾರ. ಊರ ಹಬ್ಬದಲ್ಲಿ ಡೋಲಿನ ಮುಂದೆ ನಿಂತು, ಜನ ಮರೆತೇಬಿಟ್ಟ ಹಳೇ ಪೆಟ್ಟುಗಳನ್ನು ಒಂದೊಂದಾಗಿ ಬಾರಿಸಿ ತೋರಿಸುತ್ತಾನೆ. ವೇಗ ಏರುತ್ತಾ ಹೋಗುತ್ತದೆ. ಕೈಯಲ್ಲಿ ಕತ್ತಿ ಇಲ್ಲ, ಎದುರಿಗೆ ಶತ್ರು ಇಲ್ಲ. ಆ ದೃಶ್ಯಕ್ಕೆ ಯಾರ ವಿವರಣೆಯೂ ಬೇಕಾಗಲಿಲ್ಲ ನನಗೆ.

ಉದ್ದದ ಭಯ ಇದ್ದರೆ 1961ರ ‘ಯೊಜಿಂಬೊ’ ಇದೆ. ಎರಡು ಗಂಟೆಗಿಂತ ಕಮ್ಮಿ. ವೆನಿಸ್‌ನಲ್ಲಿ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ತಂದದ್ದು. ಅದನ್ನು ನೋಡಿ ಮುಗಿಸಿ, ಸಾಕ್ಷ್ಯಚಿತ್ರವನ್ನು ಮರುದಿನವೇ ಬೇಕಾದರೂ ಹಾಕಿಕೊಳ್ಳಿ.