ಮಕ್ಕಳ ಮೈ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ಮಕ್ಕಳ ಜೊತೆ ಮಾತಾಡುವುದಿಲ್ಲ

ನಮ್ಮ ಕಡೆ ಹನ್ನೆರಡು ಹದಿಮೂರು ವರ್ಷದ ಮಗು ನೆಂಟರ ಮುಂದೆ ಬಂದು ನಿಂತರೆ ಸಾಕು, ಶುರುವಾಗುತ್ತದೆ. "ಏನೇ ಇಷ್ಟು ಕಪ್ಪಾಗಿದೀಯ?" "ಮುಖ ತುಂಬಾ ಮೊಡವೆ, ಉಷ್ಣ ಆಗಿರಬೇಕು." "ತಂಗಿನೇ ನಿನಗಿಂತ ಎತ್ತರ ಆಗಿಬಿಟ್ಲಲ್ಲೋ." ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದೇ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ನಿನ್ನ ಮೈಯಲ್ಲಿ ಏನಾಗುತ್ತಿದೆ, ಯಾಕೆ ಆಗುತ್ತಿದೆ ಎಂದು ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ.

ನಾನು ಹಾಸನದ ಕಡೆಯವನು. ಈಗ ಸಂಸಾರ ಸಮೇತ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿಯ ಪದ್ಧತಿ ಎಲ್ಲದರಲ್ಲೂ ಮೇಲು ಅಂತ ನಾನು ಹೇಳುವುದಿಲ್ಲ. ಆದರೆ ಈ ಒಂದು ವಿಷಯದಲ್ಲಿ ಇಲ್ಲಿಯವರಿಂದ ನಾವು ಕಲಿಯಬೇಕಾದದ್ದು ಇದೆ.

ಇಲ್ಲಿ 12ರಿಂದ 14 ವರ್ಷದ ಮಕ್ಕಳಿಗೆ ಜೆ-1 ಎಂಬ ಒಂದು ತಪಾಸಣೆ ಇದೆ. ಇಲ್ಲಿಯವರ ಬಾಯಲ್ಲಿ ಅದು ಯೊಟ್ ಐನ್ಸ್. ಖರ್ಚನ್ನು ಆರೋಗ್ಯ ವಿಮೆಯೇ ನೋಡಿಕೊಳ್ಳುತ್ತದೆ. ಕಾಯಿಲೆ ಬಂದಾಗ ಹೋಗುವುದಲ್ಲ, ಚೆನ್ನಾಗಿರುವಾಗಲೇ ಹೋಗುವುದು. ಮಕ್ಕಳ ಡಾಕ್ಟರ್ ಎತ್ತರ, ತೂಕ, ರಕ್ತದೊತ್ತಡ ನೋಡುತ್ತಾರೆ. ಮುಂದಕ್ಕೆ ಬಾಗಿಸಿ ಬೆನ್ನುಮೂಳೆ ನೆಟ್ಟಗಿದೆಯಾ ಎಂದು ನೋಡುತ್ತಾರೆ. ಬಾಕಿ ಇರುವ ಲಸಿಕೆ ಹಾಕುತ್ತಾರೆ. ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 2018ರಿಂದ ಗಂಡು ಮಕ್ಕಳಿಗೂ ಹಾಕಿಸಿ ಎಂದು ಇಲ್ಲಿ ಸಲಹೆ ಮಾಡುತ್ತಾರೆ. ಮೈ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಇದೆಯಾ, ಮೊಡವೆ ಇದೆಯಾ, ನಿದ್ದೆ ಹೇಗೆ, ಶಾಲೆ ಹೇಗೆ ಎಂದೆಲ್ಲ ವಿಚಾರಿಸುತ್ತಾರೆ.

ಮಗನನ್ನು ಕರೆದುಕೊಂಡು ಹೋದಾಗ ಡಾಕ್ಟರಮ್ಮ ಮೊದಲು ಅವನಿಗೇ ಕೈ ಕೊಟ್ಟರು, ಆಮೇಲೆ ನನಗೆ. "ಅಪ್ಪ ಒಳಗಿರಬೇಕಾ, ಹೊರಗೆ ಕೂರಬೇಕಾ? ನೀನೇ ಹೇಳು" ಎಂದು ಅವನನ್ನೇ ಕೇಳಿದರು. ಅವನು ನನ್ನ ಮುಖ ನೋಡಿ, ಸಂಕೋಚದಿಂದ "ಹೊರಗೆ" ಎಂದ. ನಾನು ಹೊರಗೆ ಕೂತೆ. ಒಳಗೆ ಅವನು ಏನು ಕೇಳಿದ, ಅವರು ಏನು ಹೇಳಿದರು ನನಗೆ ಗೊತ್ತಿಲ್ಲ. ನಾನು ಕೇಳುವುದೂ ಇಲ್ಲ. ಅವನ ಮೈ ಬಗ್ಗೆ ಮಾತಾಡಲು ಅವನಿಗೇ ಒಬ್ಬರು ಸಿಕ್ಕರಲ್ಲ, ಅಷ್ಟು ಸಾಕು.

ಈ ವಯಸ್ಸಿನ ಗಂಡು ಮಕ್ಕಳ ಒಳಗಿನ ಹೆದರಿಕೆಗಳು ನಮಗೆ ಮರೆತೇಹೋಗಿವೆ, ಅಲ್ವಾ? ಮೊಲೆತೊಟ್ಟಿನ ಕೆಳಗೆ ಗಟ್ಟಿ ಗಂಟು ಕಾಣಿಸಿಕೊಳ್ಳುತ್ತದೆ, ಮುಟ್ಟಿದರೆ ನೋವು. ಹುಡುಗ ಕ್ಯಾನ್ಸರ್ ಅಂದುಕೊಳ್ಳುತ್ತಾನೆ, ಇಲ್ಲವೇ ತಾನು ಹೆಣ್ಣಾಗುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಶರ್ಟ್ ಬಿಚ್ಚುವ ಆಟಕ್ಕೇ ಹೋಗುವುದಿಲ್ಲ. ಹಾರ್ಮೋನು ಏರುಪೇರಾಗುವ ಆ ಹೊತ್ತಿನಲ್ಲಿ ಸುಮಾರು ಅರ್ಧದಷ್ಟು ಹುಡುಗರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಇದನ್ನು ಹೇಳಲು ಎರಡು ನಿಮಿಷ ಸಾಕು. ಹೇಳದಿದ್ದರೆ ಎರಡು ವರ್ಷದ ಸಂಕಟ. ಬಸ್ ಸ್ಟ್ಯಾಂಡಿನ ಗೋಡೆ ಮೇಲಿನ "ಗುಪ್ತ ರೋಗ"ದ ಪೋಸ್ಟರ್‌ಗಳು ದುಡ್ಡು ಮಾಡುವುದೇ ಹುಡುಗರ ಈ ಮೌನದಿಂದ.

ಎತ್ತರದ ಕಥೆಯೂ ಅಷ್ಟೇ. ಹೆಣ್ಣು ಮಕ್ಕಳ ಮೈ 8ರಿಂದ 13 ವರ್ಷದ ಒಳಗೆ ಬದಲಾಗಲು ಶುರುವಾಗುತ್ತದೆ, ಗಂಡು ಮಕ್ಕಳದ್ದು 9ರಿಂದ 14ರ ಒಳಗೆ. ಹುಡುಗಿಯರು ದಿಢೀರ್ ಅಂತ ಬೆಳೆಯುವುದು ಮೊದಲ ಮುಟ್ಟಿಗೆ ಮುಂಚೆ. ಹುಡುಗರು ಹಾಗೆ ಬೆಳೆಯುವುದು ಸುಮಾರು ಎರಡು ವರ್ಷ ತಡವಾಗಿ. ಹಾಗಾಗಿ ಆರನೇ ಏಳನೇ ಕ್ಲಾಸಿನಲ್ಲಿ ಹುಡುಗಿಯರೇ ಎತ್ತರ ಇರುತ್ತಾರೆ. ಮೊದಲು ಪಾದ ಬೆಳೆಯುತ್ತದೆ, ಜೂನ್‌ನಲ್ಲಿ ಕೊಂಡ ಬೂಟು ದೀಪಾವಳಿಗೆ ಬಿಗಿ. ಆಮೇಲೆ ಕಾಲು ಉದ್ದವಾಗುತ್ತದೆ, ಕೊನೆಗೆ ಮೈ. ಇದು ಗೊತ್ತಿದ್ದ ಹುಡುಗನಿಗೆ "ಗಿಡ್ಡ" ಎಂಬ ಮಾತು ಅಷ್ಟಾಗಿ ನಾಟುವುದಿಲ್ಲ. ಆದರೆ 14 ತುಂಬಿದರೂ ಹುಡುಗನ ಮೈಯಲ್ಲಿ, 13 ತುಂಬಿದರೂ ಹುಡುಗಿಯ ಮೈಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಡಾಕ್ಟರಿಗೆ ತೋರಿಸಬೇಕು. ಹುಡುಗಿಗೆ 8ಕ್ಕೆ ಮುಂಚೆ, ಹುಡುಗನಿಗೆ 9ಕ್ಕೆ ಮುಂಚೆ ಶುರುವಾದರೂ ತೋರಿಸಬೇಕು.

ಹೆಣ್ಣು ಮಕ್ಕಳ ವಿಷಯದಲ್ಲಿ ನಮ್ಮವರು ಮೌನವಾಗಿದ್ದಾರೆ ಎನ್ನುವಂತಿಲ್ಲ. ಹುಡುಗಿ ದೊಡ್ಡವಳಾದರೆ ಸೋದರಮಾವ ಸೊಪ್ಪು ತಂದು ಗುಡ್ಲು ಹಾಕುತ್ತಿದ್ದ. ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ತುಪ್ಪ ಕೊಟ್ಟು ಅತ್ತೆಯರು, ಚಿಕ್ಕಮ್ಮಂದಿರು ಉಪಚಾರ ಮಾಡುತ್ತಿದ್ದರು. ಸಂಜೆ ಹಸೆ ಮೇಲೆ ಕೂರಿಸಿ ಆರತಿ. ಆ ಉಪಚಾರ ನನಗೆ ಇಷ್ಟ. ಇಲ್ಲಿ ಜರ್ಮನಿಯಲ್ಲಿ ಹುಡುಗಿಗೆ ವಿಷಯವೆಲ್ಲ ಗೊತ್ತಿರುತ್ತದೆ, ನಾಲ್ಕನೇ ಕ್ಲಾಸಿನ ಹೊತ್ತಿಗೇ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಅವಳ ಸುತ್ತ ಕೂತು ಚಿಗಳಿ ಉಂಡೆ ಕಟ್ಟುವ ನಾಲ್ಕು ಹೆಂಗಸರು ಇರುವುದಿಲ್ಲ. ಈ ಕೊರತೆ ನನಗೆ ಇಲ್ಲಿ ಎದ್ದು ಕಾಣುತ್ತದೆ.

ಆದರೆ ಛತ್ರ ಹಿಡಿದು, ಮಗುವಿನ ಫೋಟೋ ಹಾಕಿಸಿ, ರಸ್ತೆಗೆ ಫ್ಲೆಕ್ಸ್ ಕಟ್ಟುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹನ್ನೊಂದು ವರ್ಷದ ಮಗುವಿಗೆ ಮುಟ್ಟು ಬಂದಿದೆ ಎಂಬ ಸುದ್ದಿ ಬೀದಿಯ ತರಕಾರಿ ಗಾಡಿಯವನಿಗೂ ಗೊತ್ತಾಗಬೇಕಾ? ಅದೂ ಮುಟ್ಟು ಎಂದರೇನು ಎಂದು ಆ ಮಗುವಿಗೇ ಮುಂಚೆ ಯಾರೂ ಹೇಳಿರದಿದ್ದಾಗ? ಎದೆ ಚಿಗುರಿದ ಮೇಲೆ ಮೊದಲ ಮುಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು ಸಮಯ ಇರುತ್ತದೆ. ಹೇಳಲು ಬೇಕಾದಷ್ಟು ಹೊತ್ತು ಸಿಗುತ್ತದೆ.

ಇನ್ನು ಚರ್ಮ. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯಬೇಕು, ಯಾಕೆಂದರೆ ಇಲ್ಲಿ ನಮ್ಮ ಮಾತು ಬರೀ ನೋಯಿಸುವುದಿಲ್ಲ, ಮುಖವನ್ನೇ ಕೆಡಿಸುತ್ತದೆ.

ನನ್ನ ಅಕ್ಕನ ಮಗಳಿಗೆ ಕೆನ್ನೆ ತುಂಬ ಮೊಡವೆ ಬಂದಿತ್ತು. ಮನೆಗೆ ಬಂದವರೆಲ್ಲ ಅದನ್ನೇ ಕೇಳಿ ಕೇಳಿ, ಕೊನೆಗೆ ಆ ಹುಡುಗಿ ಯಾರಿಗೂ ಹೇಳದೆ ಮೆಡಿಕಲ್ ಶಾಪಿಗೆ ಹೋಗಿ ಒಂದು ಟ್ಯೂಬ್ ತಂದಳು. ಒಂದು ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಎಲ್ಲರೂ ಹೊಗಳಿದರು. ಕೆಲವು ತಿಂಗಳಿಗೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣತೊಡಗಿದವು. ಬಿಸಿಲಿಗೆ ಹೋದರೆ ಉರಿ. ಕ್ರೀಮ್ ಬಿಟ್ಟರೆ ಮೊದಲಿಗಿಂತ ಕೆಟ್ಟ ಮೊಡವೆ. ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿದಾಗ ಅದರಲ್ಲಿ ಬೀಟಾಮೆಥಾಸೋನ್ ಇತ್ತು. ಅದು ಸ್ಟೆರಾಯ್ಡ್. ಮೊಮೆಟಾಸೋನ್, ಕ್ಲೋಬೆಟಾಸಾಲ್ ಕೂಡ ಅದೇ ಜಾತಿ. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲಿ ಕೇಂದ್ರ ಸರ್ಕಾರ ಷೆಡ್ಯೂಲ್ ಎಚ್ ಎಂಬ ಔಷಧಿ ಪಟ್ಟಿಗೆ ಸೇರಿಸಿತು. ಆದರೂ ಅವಳ ಕೈಗೆ ಅದು ಚೀಟಿ ಇಲ್ಲದೆಯೇ ಬಂತು. ಹುಳುಕಡ್ಡಿಗೆ ಹಚ್ಚಿದರೂ ಇದೇ ಕಥೆ. ತುರಿಕೆ ನಿಂತಂತೆ ಆಗುತ್ತದೆ, ಒಳಗೆ ಬೂಷ್ಟು ಹರಡುತ್ತಲೇ ಇರುತ್ತದೆ.

ಮೊಡವೆ ಬರುವುದು ಕೊಳೆಯಿಂದಲ್ಲ, ಉಷ್ಣದಿಂದಲೂ ಅಲ್ಲ. ಹಾರ್ಮೋನಿನಿಂದ ಚರ್ಮದ ಎಣ್ಣೆ ಗ್ರಂಥಿ ಹಿಗ್ಗುತ್ತದೆ, ರಂಧ್ರದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಬ್ಯಾಕ್ಟೀರಿಯಾ ಸೇರಿ ಊದಿಕೊಳ್ಳುತ್ತದೆ. ದಿನಕ್ಕೆ ಐದು ಸಲ ಸೋಪು ಹಾಕಿ ಉಜ್ಜಿದರೆ ಚರ್ಮ ಒಡೆಯುತ್ತದೆ, ಅಷ್ಟೇ. ಎರಡು ಸಲ ಮೆತ್ತಗೆ ತೊಳೆದರೆ ಸಾಕು. ತಲೆಗೆ ಜಾಸ್ತಿ ಕೊಬ್ಬರಿ ಎಣ್ಣೆ ಹಚ್ಚಿ ಅದು ಹಣೆಗೆ ಇಳಿದರೆ, ಹಣೆ ಮೇಲೆ ಸಾಲಾಗಿ ಗುಳ್ಳೆ ಏಳುತ್ತವೆ. ನಿಂಬೆಹಣ್ಣು, ಟೂತ್‌ಪೇಸ್ಟ್ ಬೇಡವೇ ಬೇಡ. ಸಾಧಾರಣ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಥರದ ಜೆಲ್‌ಗಳಿವೆ. ಡಾಕ್ಟರನ್ನು ಕೇಳಿ ಶುರು ಮಾಡಬೇಕು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಹದಿನೈದು ದಿನಕ್ಕೆ ಬಿಟ್ಟುಬಿಡುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್ ತಾಗಿದರೆ ದಿಂಬಿನ ಕವರ್ ಬಣ್ಣ ಬಿಡುತ್ತದೆ ಎಂದೂ ಹೇಳಿಬಿಡಿ, ಬೈಗುಳ ತಪ್ಪುತ್ತದೆ.

ನಮ್ಮ ಕಂದು ಚರ್ಮದಲ್ಲಿ ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚಿವುಟಿದರೆ ಇನ್ನೂ ಜಾಸ್ತಿ. ಜರ್ಮನಿಯಲ್ಲಿ ಬೆಳ್ಳಗಿನ ಚರ್ಮದ ಮೇಲಿನ ಕೆಂಪನ್ನೇ ನೋಡಿ ಅಭ್ಯಾಸವಾದ ಡಾಕ್ಟರಿಗೆ ಈ ಕಲೆಯ ಚಿಂತೆ ಕೆಲವೊಮ್ಮೆ ಅರ್ಥವಾಗುವುದಿಲ್ಲ. ಈ ವಿಷಯದಲ್ಲಿ ಊರಿನ ಚರ್ಮದ ಡಾಕ್ಟರೇ ವಾಸಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ಮಾತನ್ನಂತೂ ನಮ್ಮ ಮನೆಗಳಲ್ಲಿ ನಿಲ್ಲಿಸಲೇಬೇಕು. "ಕತ್ತು ನೋಡು ಎಷ್ಟು ಕಪ್ಪಾಗಿದೆ, ಸರಿಯಾಗಿ ತಿಕ್ಕಿ ಸ್ನಾನ ಮಾಡು." ಕತ್ತಿನ ಹಿಂಭಾಗ, ಕಂಕುಳು ದಪ್ಪಗೆ, ಕಪ್ಪಗೆ, ಮಖಮಲ್ಲಿನ ಹಾಗೆ ಆಗಿದ್ದರೆ ಅದು ಕೊಳೆಯಲ್ಲ. ಎಷ್ಟೋ ಸಲ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು. ತೂಕ ಜಾಸ್ತಿ ಇರುವ ಮಕ್ಕಳಲ್ಲಿ, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಹುಡುಗಿಗೆ ಇದರ ಜೊತೆ ಮುಟ್ಟು ಏರುಪೇರಾಗಿ, ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರಬಹುದು. ಆ ಮಗುವನ್ನು ಬಚ್ಚಲಿಗಲ್ಲ, ಡಾಕ್ಟರ ಹತ್ತಿರ ಕಳಿಸಬೇಕು.

ಕರ್ನಾಟಕದಲ್ಲಿ ವ್ಯವಸ್ಥೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಹೆಣ್ಣು ಮಕ್ಕಳಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ ಇದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ನೀಲಿ ಮಾತ್ರೆ ಇದೆ. ಆದರೆ ಮಾತ್ರೆ ನುಂಗಿದರೆ ಮಲ ಕಪ್ಪಗಾಗುತ್ತದೆ, ಹೆದರಬೇಡ ಎಂದು ಯಾರಾದರೂ ಹೇಳದಿದ್ದರೆ ಮುಂದಿನ ವಾರ ಅದು ಬಾಯಿಗೆ ಹೋಗುವ ಬದಲು ಜೇಬಿಗೆ ಹೋಗುತ್ತದೆ.

ನನ್ನ ಕೋರಿಕೆ ಚಿಕ್ಕದು. ನಮ್ಮ ದೇಶದ ಲಸಿಕೆ ಪಟ್ಟಿಯಲ್ಲಿ 10ನೇ ವರ್ಷಕ್ಕೆ ಒಮ್ಮೆ, 16ಕ್ಕೆ ಒಮ್ಮೆ ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಇದ್ದೇ ಇದೆ. ಹೇಗೂ ಮಗು ಸೂಜಿಗೆ ತೋಳು ಕೊಟ್ಟು ಕೂತಿರುತ್ತದೆ. ಆ ಹೊತ್ತಿನಲ್ಲಿ ಡಾಕ್ಟರೋ ನರ್ಸಮ್ಮನೋ ಇನ್ನೊಂದು ಹತ್ತು ನಿಮಿಷ ಕೊಡಲಿ, ಅಪ್ಪ ಅಮ್ಮ ಬಾಗಿಲ ಹೊರಗೆ ಇರಲಿ. ಎತ್ತರ ಅಳೆದು ಬರೆದುಕೊಡಲಿ, ಕತ್ತು ನೋಡಲಿ, ಮುಖಕ್ಕೆ ಏನು ಹಚ್ಚುತ್ತೀಯ ಎಂದು ಕೇಳಲಿ. ಕೊನೆಗೆ "ಇನ್ನೇನಾದರೂ ಕೇಳಬೇಕಾ ಮಗಾ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ನೆ ಕಾಯಲಿ. ಮಕ್ಕಳ ಡಾಕ್ಟರುಗಳು ಮನಸ್ಸು ಮಾಡಿದರೆ ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಆದೇಶವೂ ಬೇಡ. ಡಾಕ್ಟರುಗಳು ಮಾಡದಿದ್ದರೆ ನಾವು ಪೋಷಕರೇ ಕೇಳಿ ಮಾಡಿಸಿಕೊಳ್ಳಬಹುದು: "ಸಾರ್, ನಾನು ಹೊರಗೆ ಕೂತಿರ್ತೀನಿ, ನೀವು ಇವನ ಜೊತೆ ಮಾತಾಡಿ."